ಗಿಡಗಳ ವಿಳಾಸ

ಹಳೆಯ ಕಾವ್ಯಗಳನ್ನು ಪಾಠ ಹೇಳಿ ಬದುಕುವ ನನ್ನಂಥವರಿಗೆ ಗಿಡಮರಗಳ ಪರಿಚಯಕ್ಕೇನೂ ಕೊರತೆಯಿಲ್ಲ. ಚಂಪೂ ಕಾವ್ಯವೊಂದನ್ನು ಕೈಗೆತ್ತಿಕೊಂಡರೆ ನಾಲ್ಕು ಪುಟ ತಿರುವುವುದರೊಳಗೆ ಒಂದು ಉದ್ಯಾನವನ ಎದುರಾಗುತ್ತದೆ. ಅಲ್ಲಿ ಅಶೋಕ ತರುಣಿಯ ಪಾದ ಸೋಂಕಿದರೆ ಹೂ ಬಿಡುತ್ತದೆ. ಬಕುಳ ಆಕೆ ಬಾಯಲ್ಲಿ ತುಂಬಿ ಸೂಸಿದ ಮದ್ಯಕ್ಕೆ ಅರಳುತ್ತದೆ. ಇದಕ್ಕೆ ಕವಿಸಮಯವೆಂದು ಹೆಸರು, ಪ್ರಶ್ನೆ ಮಾಡಬಾರದು. ತೆಂಗು, ದೇವದಾರು, ಕುಂಕುಮಕೇಸರಿ, ಏಲಕ್ಕಿ ಎಲ್ಲವೂ ಒಂದೇ ವನದಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುವುದೂ ಉಂಟು. ಮೂವತ್ತು ವರ್ಷ ನಾನು ಇಂಥ ವರ್ಣನೆಗಳನ್ನು ತರಗತಿಯಲ್ಲಿ ಓದಿ, ಪದ ಬಿಡಿಸಿ, ಸಮಾಸ ಹೇಳಿ, ಅಲಂಕಾರ ತೋರಿಸಿದ್ದೇನೆ. ಸಮುದ್ರದ ದಂಡೆಯ ತೆಂಗಿಗೂ ಹಿಮಾಲಯದ ದೇವದಾರುವಿಗೂ ಒಂದೇ ಕಡೆ ಹೇಗೆ ಜೊತೆ ಬಿತ್ತು ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ನನಗೂ ಹೊಳೆದಿರಲಿಲ್ಲ.

ಅದು ಹೊಳೆದದ್ದು ತೀರ ಬೇರೆ ದಾರಿಯಿಂದ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ 1831ರಲ್ಲಿ ವಿದ್ಯಾರ್ಥಿಗಳಿಗಾಗಿ ಇಟ್ಟ ಒಂದು ಪ್ರಬಂಧ ಸ್ಪರ್ಧೆಯ ವಿಷಯ ಓದುತ್ತಿದ್ದೆ. ಬಹುಮಾನ ಒಂದು ಚಿನ್ನದ ಪದಕ. ಇಟ್ಟವರು ಸಸ್ಯಶಾಸ್ತ್ರದ ಪ್ರಾಧ್ಯಾಪಕ ರಾಬರ್ಟ್ ಗ್ರಹಾಂ. ವಿಷಯ, 'ಭೂಮಿಯ ಮೇಲೆ ಸಸ್ಯಗಳ ಹರಡಿಕೆ'. ಸುಲಭ ಮಾತಿನಲ್ಲಿ ಹೇಳುವುದಾದರೆ, ಯಾವ ಗಿಡ ಎಲ್ಲಿದೆ, ಎಲ್ಲಿಲ್ಲ, ಏಕೆ? ನಾನು ಮೂವತ್ತು ವರ್ಷ ಕೇಳದೆ ಬಿಟ್ಟ ಪ್ರಶ್ನೆ ಅದೇ. ಆ ಪದಕ ಗೆದ್ದ ವಿದ್ಯಾರ್ಥಿಯ ಕಥೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಕೊನೆಗೆ ನನ್ನದೇ ಒಂದು ಕಥೆಯೂ ಇದೆ; ಅದು ಅಷ್ಟು ಹೆಮ್ಮೆಯದಲ್ಲ.

ಎಡಿನ್‌ಬರೋ ಆ ಕಾಲಕ್ಕೆ ವೈದ್ಯವಿದ್ಯೆಗೆ ಹೆಸರಾದ ಊರು. ಮದ್ದುಗಳಲ್ಲಿ ಬಹುಪಾಲು ಗಿಡಮೂಲಿಕೆಗಳೇ ಆಗಿದ್ದರಿಂದ ವೈದ್ಯನಾಗುವವನು ಗಿಡಗಳನ್ನು ಗುರುತಿಸಲೇಬೇಕು. ಗ್ರಹಾಂ ಅಲ್ಲಿನ ರಾಯಲ್ ಸಸ್ಯೋದ್ಯಾನವನ್ನೂ ನೋಡಿಕೊಳ್ಳುತ್ತಿದ್ದರು. ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಟ್ಟ ಬಯಲು ಸುತ್ತುವ ಪದ್ಧತಿಯನ್ನೂ ಇಟ್ಟುಕೊಂಡಿದ್ದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಕೆಲವೇ ವರ್ಷಗಳ ಹಿಂದೆ ಚಾರ್ಲ್ಸ್ ಡಾರ್ವಿನ್ ಎಂಬ ಹದಿನೆಂಟರ ಹುಡುಗ ಸಮುದ್ರದಂಡೆಯ ಸಣ್ಣ ಜೀವಿಗಳ ಮೇಲೆ ತಾನು ಕಂಡುಕೊಂಡದ್ದನ್ನು 1827ರ ಮಾರ್ಚ್ 27ರಂದು ವಿದ್ಯಾರ್ಥಿಗಳ ಪ್ಲೀನಿಯನ್ ಸಂಘದ ಮುಂದೆ ಹೇಳಿದ್ದ. ಅವನೂ ಆ ಊರಿನಿಂದ ಪದವಿಯಿಲ್ಲದೆ ಹೊರಟವನೇ. ಹುಡುಗರು ಸ್ವಂತ ಕಣ್ಣಿನಿಂದ ನೋಡಿದ್ದನ್ನು ಹಿರಿಯರು ಕೇಳುವ ರೂಢಿ ಅಲ್ಲಿತ್ತು ಎಂಬುದಕ್ಕಾಗಿ ಇದನ್ನು ಹೇಳಿದೆ.

ಪ್ರಶ್ನೆಯೂ ಆಗ ಹೊಸದು. ಜರ್ಮನಿಯ ಅಲೆಕ್ಸಾಂಡರ್ ಹಂಬೋಲ್ಟ್ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತ ಹತ್ತಿ ಬಂದು 1807ರಲ್ಲಿ ಒಂದು ಗ್ರಂಥ ಪ್ರಕಟಿಸಿದ್ದ. ಅದರ ಜೊತೆಗಿದ್ದ ದೊಡ್ಡ ಚಿತ್ರದಲ್ಲಿ ಪರ್ವತವನ್ನು ಹಲಸಿನ ಹಣ್ಣಿನಂತೆ ಸೀಳಿ ತೋರಿಸಿ, ಯಾವ ಎತ್ತರದಲ್ಲಿ ಯಾವ ಗಿಡ ಎಂದು ಅಲ್ಲಲ್ಲೇ ಹೆಸರು ಬರೆದಿದ್ದ. ಬುಡದಲ್ಲಿ ತಾಳೆಯ ಜಾತಿಯ ಮರಗಳು, ಮೇಲೇರಿದಂತೆ ಬೇರೆ ಬೇರೆ ಗಿಡಗಳು, ಕೊನೆಗೆ ಬರಿಯ ಹಿಮ. ಗಿಡ ಮನಬಂದಲ್ಲಿ ಬೆಳೆಯುವುದಿಲ್ಲ, ಅದಕ್ಕೊಂದು ವಿಳಾಸವುಂಟು ಎಂಬ ಮಾತು ವಿದ್ವಾಂಸರ ನಡುವೆ ಹಬ್ಬಿತ್ತು.

ಈಗ ನಮ್ಮ ವಿದ್ಯಾರ್ಥಿಗೆ ಬರೋಣ. ಹೆಸರು ಹ್ಯೂವೆಟ್ ಕಾಟ್ರೆಲ್ ವಾಟ್ಸನ್. ಹುಟ್ಟಿದ್ದು 1804ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ಚಿಕ್ಕಂದಿನಲ್ಲಿ ಕ್ರಿಕೆಟ್ ಚೆಂಡು ಬಡಿದು ಮೊಣಕಾಲು ಕೆಟ್ಟಿತ್ತು. ಆ ಕಾಲಿನ ತೊಂದರೆ ಜೀವನವಿಡೀ ಉಳಿಯಿತು. ಮ್ಯಾಂಚೆಸ್ಟರಿನಲ್ಲಿ ವಕೀಲಿ ಕಲಿಯಲು ಹಾಕಿದರು. ಸಣ್ಣದೊಂದು ಆಸ್ತಿ ಪಾಲಿಗೆ ಬಂದದ್ದೇ ತಡ, ಆತ ಕಾನೂನು ಪುಸ್ತಕ ಮುಚ್ಚಿ 1828ರಲ್ಲಿ ಎಡಿನ್‌ಬರೋಗೆ ಹೊರಟ. ಪ್ರಬಂಧ ಬರೆದಾಗ ವಯಸ್ಸು ಇಪ್ಪತ್ತೇಳರ ಆಸುಪಾಸು. ಇಪ್ಪತ್ತೇಳಾದರೂ ಇನ್ನೂ ಪದವಿ ಮುಗಿಸದ ಮಗ ಎಂದರೆ ನಮ್ಮ ಮನೆಗಳಲ್ಲಿ ಯಾವ ಮಾತು ಕೇಳಬರುತ್ತದೆಂಬುದನ್ನು ನೀವು ಬಲ್ಲಿರಿ.

ಇಂಥ ಪ್ರಶ್ನೆಗೆ ಉತ್ತರವನ್ನು ಎಲ್ಲಿಂದ ತರಬೇಕು? ಗಿಡದ ರೂಪ, ಎಲೆಯ ಅಂಚು, ಕೇಸರಗಳ ಎಣಿಕೆ ಇವನ್ನೆಲ್ಲ ಲಿನೇಯಸ್ ಮಹಾಶಯ ಹಿಂದಿನ ಶತಮಾನದಲ್ಲೇ ವ್ಯವಸ್ಥೆ ಮಾಡಿ ಕೊಟ್ಟಿದ್ದ. ಅದು ನಿಘಂಟಿನಂತೆ, ಪದ ಸಿಕ್ಕರೆ ಅರ್ಥ ಸಿಗುತ್ತದೆ. ಆದರೆ ಪದವನ್ನು ಯಾವ ಸೀಮೆಯಲ್ಲಿ ಆಡುತ್ತಾರೆ, ಯಾವ ಸೀಮೆಯಲ್ಲಿ ಆಡುವುದಿಲ್ಲ ಎಂದು ತಿಳಿಯಬೇಕಾದರೆ ನಿಘಂಟು ಸಾಲದು, ಊರೂರು ತಿರುಗಬೇಕು. ಊರ ಹೆಸರು, ತಿಂಗಳು, ಎತ್ತರ, ನೆಲದ ಗುಣ ಬರೆದುಕೊಳ್ಳಬೇಕು. ಕಂಡದ್ದರಷ್ಟೇ ಎಚ್ಚರದಿಂದ ಕಾಣದ್ದನ್ನೂ ಗುರುತು ಹಾಕಬೇಕು. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ವಾಟ್ಸನ್‌ನಿಗೆ ಪದಕ ಬಂತು. ಪದವಿ ಬರಲಿಲ್ಲ. ಆರೋಗ್ಯ ಕೆಟ್ಟು 1832ರಲ್ಲಿ ಆತ ವಿಶ್ವವಿದ್ಯಾನಿಲಯ ಬಿಟ್ಟ. ಆದರೆ ಪ್ರಶ್ನೆ ಮಾತ್ರ ಆತನನ್ನು ಬಿಡಲಿಲ್ಲ. ಅದೇ ವರ್ಷ ಬ್ರಿಟನ್ನಿನ ಸಸ್ಯಗಳ ಹರಡಿಕೆಯ ಮೇಲೆ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿದ. ಕೆಟ್ಟ ಮೊಣಕಾಲಿಟ್ಟುಕೊಂಡು ಸ್ಕಾಟ್ಲೆಂಡಿನ ಬೆಟ್ಟಗಳನ್ನು ಹತ್ತಿ, ಯಾವ ಗಿಡ ಯಾವ ಎತ್ತರಕ್ಕೆ ನಿಲ್ಲುತ್ತದೆಂದು ಟಿಪ್ಪಣಿ ಮಾಡಿದ. 1842ರಲ್ಲಿ ಕಡಲು ದಾಟಿ ಅಜೋರ್ಸ್ ದ್ವೀಪಗಳಿಗೆ ಹೋಗಿ ಅಲ್ಲಿನ ಗಿಡಗಳನ್ನು ಸಂಗ್ರಹಿಸಿದ. ಆಗ ಸಿಕ್ಕ ಹೊಸ ಗಿಡವೊಂದಕ್ಕೆ ತನ್ನನ್ನು ಕರೆದೊಯ್ದ ಹಡಗಿನ ಕ್ಯಾಪ್ಟನ್ ವಿಡಾಲನ ಹೆಸರನ್ನಿಟ್ಟ. ಉಳಿದಂತೆ ಮದುವೆಯಿಲ್ಲ, ಉದ್ಯೋಗವಿಲ್ಲ. ಲಂಡನ್ನಿನ ಹೊರಗೆ ಥೇಮ್ಸ್ ಡಿಟನ್ ಎಂಬ ಊರಿನ ಮನೆಯಲ್ಲಿ ಕುಳಿತು, 1881ರಲ್ಲಿ ಸಾಯುವವರೆಗೆ, ಆ ಒಂದೇ ಪ್ರಬಂಧವನ್ನು ತಿದ್ದಿ ಬೆಳೆಸುತ್ತಿದ್ದ ಎಂದರೂ ಸರಿಯೆ.

ಆತ ಸೌಮ್ಯ ಮನುಷ್ಯನೆಂದು ಮಾತ್ರ ಭಾವಿಸಬೇಡಿ. ಜಗಳಗಂಟ. ತಾನು ಮಾಡಿದ ವಿಂಗಡಣೆಯನ್ನು ಎಡ್ವರ್ಡ್ ಫೋರ್ಬ್ಸ್ ಎಂಬ ವಿದ್ವಾಂಸ ಹೆಸರು ಹೇಳದೆ ಎತ್ತಿಕೊಂಡನೆಂದು ಅಚ್ಚಿನಲ್ಲೇ ಕಟುವಾಗಿ ಜಾಡಿಸಿದ. ತಲೆಬುರುಡೆಯ ಉಬ್ಬುತಗ್ಗು ನೋಡಿ ಮನುಷ್ಯನ ಸ್ವಭಾವ ಹೇಳುವ ಶಾಸ್ತ್ರವೊಂದು ಆಗ ಬಹಳ ಪ್ರಚಾರದಲ್ಲಿತ್ತು. ಅದಕ್ಕೂ ಮರುಳಾಗಿ ಕೆಲವು ವರ್ಷ ಅದರ ಪತ್ರಿಕೆ ನಡೆಸಿದ. ಆ ಶಾಸ್ತ್ರ ಸುಳ್ಳೆಂದು ಲೋಕ ಕೈಬಿಟ್ಟಿತು. ಪದಕ ಗೆದ್ದ ತಲೆಯೂ ಎಡವುತ್ತದೆ, ಇರಲಿ.

ಆತ ಮಾಡಿದ ಒಂದು ಕೆಲಸ ಮಾತ್ರ ಎಡವದೆ ನಿಂತಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಗಿಡದ ವಿಳಾಸ ಬರೆಯಬೇಕಾದರೆ ಜಿಲ್ಲೆ ಬೇಕಷ್ಟೆ. ಇಂಗ್ಲೆಂಡಿನಲ್ಲಿ ಜಿಲ್ಲೆಗೆ ಕೌಂಟಿ ಎನ್ನುತ್ತಾರೆ. ಆದರೆ ಕೌಂಟಿಗಳೆಲ್ಲ ಒಂದೇ ಅಳತೆಯವಲ್ಲ. ಯಾರ್ಕ್‌ಷೈರ್ ಎಂಬುದು ಒಂದು ಸೀಮೆಯಷ್ಟು ದೊಡ್ಡದು. ರಟ್ಲೆಂಡ್ ಎಂಬುದು ಒಂದು ಹಿಡಿ ನೆಲ. 'ಯಾರ್ಕ್‌ಷೈರಿನಲ್ಲಿ ಉಂಟು' ಎಂದರೂ 'ರಟ್ಲೆಂಡಿನಲ್ಲಿ ಉಂಟು' ಎಂದರೂ ಎರಡಕ್ಕೂ ಒಂದೇ ತೂಕ ಹೇಗೆ ಕೊಡುವುದು? ವಾಟ್ಸನ್ ದೊಡ್ಡ ಕೌಂಟಿಗಳನ್ನು ಒಡೆದ, ಚಿಕ್ಕದನ್ನು ಪಕ್ಕದ್ದಕ್ಕೆ ಸೇರಿಸಿದ. ಯಾರ್ಕ್‌ಷೈರಿಗೆ ಐದು ಭಾಗ. ರಟ್ಲೆಂಡಿಗೆ ಲೆಸ್ಟರ್‌ಷೈರಿನ ಜೊತೆ ಒಂದೇ ಭಾಗ. ಹೀಗೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳನ್ನು 112 ಪಾಲು ಮಾಡಿ, ನೈಋತ್ಯದ ತುದಿಯ ಕಾರ್ನ್‌ವಾಲಿಗೆ ಒಂದನೆಯ ಅಂಕೆ ಕೊಟ್ಟು, ಉತ್ತರ ಸಮುದ್ರದ ಷೆಟ್‌ಲೆಂಡ್ ದ್ವೀಪಗಳಿಗೆ 112ನೆಯ ಅಂಕೆ ಕೊಟ್ಟು, 1852ರಲ್ಲಿ ತನ್ನ ದೊಡ್ಡ ಗ್ರಂಥದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದ. ಅವಕ್ಕೆ ವೈಸ್ ಕೌಂಟಿ ಎಂದು ಹೆಸರು. ನಾವು ಉಪಜಿಲ್ಲೆ ಎಂದುಕೊಳ್ಳೋಣ.

ಗಡಿ ಬರೆದದ್ದು ಸರ್ಕಾರಕ್ಕಾಗಿ ಅಲ್ಲ, ಗಿಡಗಳಿಗಾಗಿ. ಆದ್ದರಿಂದ ಸರ್ಕಾರ ಗಡಿ ಬದಲಾಯಿಸಿದರೂ ಇವು ಬದಲಾಗಲಿಲ್ಲ. 1974ರಲ್ಲಿ ಅಲ್ಲಿ ಕೌಂಟಿಗಳನ್ನೆಲ್ಲ ಕಲಕಿದರು. ರಟ್ಲೆಂಡ್ ಲೆಸ್ಟರ್‌ಷೈರಿನಲ್ಲಿ ಕರಗಿಹೋಯಿತು. ಜನ ಒಪ್ಪದೆ 1997ರಲ್ಲಿ ಅದಕ್ಕೆ ಮತ್ತೆ ಸ್ವಂತ ಆಡಳಿತ ಬಂತು. ಈ ಹೋಗಿ ಬರುವ ಗಲಾಟೆಯಲ್ಲಿ ಗಿಡಗಳ ಲೆಕ್ಕದಲ್ಲಿ ಒಂದು ಅಂಕೆಯೂ ತಿರುಗುಮುರುಗಾಗಲಿಲ್ಲ. ಇಂದಿಗೂ ಬ್ರಿಟನ್ ಮತ್ತು ಐರ್ಲೆಂಡಿನ ಸಸ್ಯಶಾಸ್ತ್ರ ಸಂಘವು ಪ್ರತಿ ಉಪಜಿಲ್ಲೆಗೂ ದಾಖಲೆಗಾರರನ್ನು ನೇಮಿಸುತ್ತದೆ. ಅವರು ಸಂಬಳದವರಲ್ಲ, ಹವ್ಯಾಸಿಗಳು. ಅವರೂ ಅವರ ಜೊತೆಯವರೂ ಕೂಡಿಸಿದ ದಾಖಲೆಗಳಿಂದಲೇ 2023ರಲ್ಲಿ ಒಂದು ಮಹಾ ಸಸ್ಯನಕ್ಷೆ ಹೊರಬಂತು. ಅಲ್ಲಿನ ಮೂಲಸಸ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂಜರಿದಿವೆ ಎಂಬ ಕಹಿ ಸಂಗತಿ ತಿಳಿದದ್ದು ಹಾಗೆ. ಹಿಂದೆ ಎಲ್ಲೆಲ್ಲಿ ಇತ್ತೆಂದು ಯಾರೋ ಬರೆದಿಟ್ಟಿರದಿದ್ದರೆ ಈಗ ಇಲ್ಲವೆಂದು ಹೇಳಲು ಯಾರಿಗೆ ಬಾಯಿ ಬರುತ್ತಿತ್ತು?

ನಮ್ಮಲ್ಲಿಯೂ ಜಿಲ್ಲೆ ಒಡೆಯುವುದು ಹೊಸತಲ್ಲ. 1997ರಲ್ಲಿ ಮೈಸೂರಿನಿಂದ ಚಾಮರಾಜನಗರ, ದಕ್ಷಿಣ ಕನ್ನಡದಿಂದ ಉಡುಪಿ ಬೇರೆಯಾದವು. 2007ರಲ್ಲಿ ಚಿಕ್ಕಬಳ್ಳಾಪುರ; ಇತ್ತೀಚೆಗೆ ಬಳ್ಳಾರಿಯಿಂದ ವಿಜಯನಗರ. ಆಡಳಿತಕ್ಕೆ ಇದು ಅನುಕೂಲವೇ ಇರಬಹುದು. ಆದರೆ ಹಳೆಯ ಒಣಗಿಡದ ಹಾಳೆಯ ಮೇಲೆ 'ಮೈಸೂರು ಜಿಲ್ಲೆ' ಎಂದಷ್ಟೇ ಬರೆದಿದ್ದರೆ ಆ ಗಿಡ ಈಗ ಯಾವ ಜಿಲ್ಲೆಯದೆಂದು ಗಿಡವನ್ನೇ ಕೇಳಬೇಕು. ಉಡುಪಿಯ ಸಸ್ಯವಿಜ್ಞಾನಿ ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಉಡುಪಿ ಜಿಲ್ಲೆಯ ಸಸ್ಯಸಂಪತ್ತಿನ ಮೇಲೆ ಗ್ರಂಥ ತಂದರು. ಬಳಿಕ ಎರಡು ಜಿಲ್ಲೆಗಳನ್ನೂ ಕೂಡಿಸಿ ಬರೆದ ಗ್ರಂಥಕ್ಕೆ ಸೌತ್ ಕೆನರಾ ಎಂಬ ಹಳೆಯ ಹೆಸರನ್ನೇ ಇಟ್ಟರು. ಆ ಹೆಸರನ್ನು ಕಂಡಾಗ ನನಗೆ ವಾಟ್ಸನ್ ನೆನಪಾದ. ನೇತ್ರಾವತಿಯ ದಂಡೆಯ ಗಿಡಕ್ಕೆ ಕಚೇರಿಯ ಮೊಹರು ಬದಲಾದ ಸುದ್ದಿ ಗೊತ್ತಿಲ್ಲವಲ್ಲ!

ಇನ್ನೊಂದು ಸ್ವಾರಸ್ಯದ ಲೆಕ್ಕವನ್ನೂ ವಾಟ್ಸನ್ ಗಮನಿಸಿದ. ಬ್ರಿಟನ್ನಿನ ಒಟ್ಟು ಸಸ್ಯಜಾತಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಒಂದೇ ಒಂದು ಕೌಂಟಿಯಲ್ಲಿ ಸಿಗುತ್ತವೆ. ಆ ಕೌಂಟಿಯವುಗಳಲ್ಲಿ ಅರ್ಧದಷ್ಟು ಒಂದೇ ಮೈಲಿಯ ಜಾಗದಲ್ಲಿ ಸಿಕ್ಕಬಹುದು ಎಂದು ಆತ ಅಂದಾಜು ಮಾಡಿದ. ಎಂದರೆ ನೆಲ ನೂರು ಪಾಲು ಹಿಗ್ಗಿದರೆ ಜಾತಿಗಳು ನೂರು ಪಾಲು ಹೆಚ್ಚುವುದಿಲ್ಲ. ಮನೆಯ ಹಿತ್ತಲಿನಲ್ಲಿ ನಲವತ್ತು ಬಗೆಯ ಗಿಡ ಎಣಿಸಿದವನು ಹತ್ತು ಹಿತ್ತಲು ನೋಡಿದರೆ ನಾನೂರು ಸಿಗುವುದಿಲ್ಲ. ಕಂಡದ್ದೇ ಮತ್ತೆ ಮತ್ತೆ ಎದುರಾಗುತ್ತದೆ. ಜಾಗಕ್ಕೂ ಜಾತಿಗಳ ಸಂಖ್ಯೆಗೂ ಇರುವ ಈ ಸಂಬಂಧವನ್ನು ಮುಂದಿನವರು ದೊಡ್ಡ ಶಾಸ್ತ್ರವಾಗಿ ಬೆಳೆಸಿದರು. ಕಾಡು ಇಷ್ಟು ಕಡಿದರೆ ಎಷ್ಟು ಜಾತಿ ಹೋದೀತೆಂದು ಇಂದು ಲೆಕ್ಕ ಹಾಕುವವರು ಹಿಡಿಯುವುದೂ ಇದೇ ದಾರವನ್ನು.

ಎಡಿನ್‌ಬರೋ ಬಿಟ್ಟುಹೋದ ಆ ಇನ್ನೊಬ್ಬ ವಿದ್ಯಾರ್ಥಿ, ಡಾರ್ವಿನ್, ಮುಂದೆ ಜೀವಜಾತಿಗಳ ಹುಟ್ಟಿನ ಮೇಲೆ ತನ್ನ ಮಹಾಗ್ರಂಥ ಬರೆಯುತ್ತಿದ್ದಾಗ ಒಂದು ತೊಡಕಿಗೆ ಸಿಕ್ಕಿಕೊಂಡ. ಒಂದು ಗಿಡ ಬೇರೆ ಜಾತಿಯೋ ಅಥವಾ ಅದೇ ಜಾತಿಯ ಒಳಭೇದವೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವೇ ಇಲ್ಲ. ಅದನ್ನು ತೋರಿಸಬೇಕು. ಯಾರನ್ನು ಕೇಳುವುದು? ವಾಟ್ಸನ್‌ನನ್ನೇ. ಸಾಮಾನ್ಯವಾಗಿ ಒಳಭೇದವೆಂದು ಎಣಿಸಿದ್ದರೂ ಯಾರಾದರೊಬ್ಬ ಸಸ್ಯಶಾಸ್ತ್ರಿ ಬೇರೆ ಜಾತಿಯೆಂದು ಹೇಳಿರುವ 182 ಬ್ರಿಟಿಷ್ ಸಸ್ಯಗಳಿಗೆ ಆತ ಗುರುತು ಹಾಕಿಕೊಟ್ಟ. ಡಾರ್ವಿನ್ ತನ್ನ ಗ್ರಂಥದಲ್ಲಿ ಆ ಅಂಕೆಯನ್ನೂ ಹೇಳಿ, ವಾಟ್ಸನ್‌ಗೆ ತಾನು ಬಹಳ ಋಣಿಯೆಂದೂ ಬರೆದಿದ್ದಾನೆ. 1859ರ ನವೆಂಬರಿನಲ್ಲಿ ಪುಸ್ತಕ ಕೈಸೇರಿದೊಡನೆ ವಾಟ್ಸನ್ ಕಾಗದ ಬರೆದು, ಪ್ರಕೃತಿವಿಜ್ಞಾನದಲ್ಲಿ ಈ ಶತಮಾನದ ಅತಿ ದೊಡ್ಡ ಕ್ರಾಂತಿಕಾರ ನೀನೇ ಎಂದು ಕೊಂಡಾಡಿದ. ಎಲ್ಲರ ಮೇಲೂ ಸಿಡುಕುತ್ತಿದ್ದವನ ಕೈಯಿಂದ ಬಂದ ಈ ಮಾತಿಗೆ ಬೆಲೆ ಹೆಚ್ಚು.

ಗ್ರಹಾಂ ಮಹಾಶಯರ ಪದಕದಲ್ಲಿ ಎಷ್ಟು ತೂಕದ ಚಿನ್ನವಿತ್ತೋ, ಅದು ಮುಖ್ಯವಲ್ಲ. ಅವರು ಕೇಳಿದ ಪ್ರಶ್ನೆಗೆ ಅವರಲ್ಲಿಯೂ ಸಿದ್ಧ ಉತ್ತರವಿರಲಿಲ್ಲ. ಬಹುಮಾನವಿಡುವ ನಾವು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಉತ್ತರ ನಮಗೆ ಗೊತ್ತಿರುವ ವಿಷಯವನ್ನೇ ಕೊಟ್ಟು, ನಮ್ಮ ಉತ್ತರವನ್ನೇ ಯಾರು ಚೆಂದವಾಗಿ ತಿರುಗಿ ಒಪ್ಪಿಸುತ್ತಾರೆಂದು ನೋಡುತ್ತೇವೆ. ಇದು ನಾನು ಬೇರೆಯವರ ಮೇಲೆ ಹೊರಿಸುತ್ತಿರುವ ಆರೋಪವಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಆಗ ಇದ್ದ ಶಾಲೆಯಲ್ಲಿ 'ನಮ್ಮ ಊರಿನ ಗಿಡಮರಗಳು' ಎಂಬ ವಿಷಯದ ಮೇಲೆ ಪ್ರಬಂಧ ಸ್ಪರ್ಧೆ ಇಟ್ಟೆವು. ನಾನೇ ತೀರ್ಪುಗಾರ. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಪ್ರಬಂಧ ಸುಭಾಷಿತದಿಂದ ಆರಂಭವಾಗಿ, ವೃಕ್ಷಗಳನ್ನು ಸತ್ಪುರುಷರಿಗೆ ಹೋಲಿಸಿ, ಎರಡು ಪದ್ಯಗಳನ್ನು ಉದಾಹರಿಸಿ, ಪ್ರಾರ್ಥನೆಯೊಂದಿಗೆ ಮುಗಿಯಿತು. ಒಂದಕ್ಷರ ತಪ್ಪಿಲ್ಲ. ಅದರಲ್ಲಿ ನಮ್ಮ ಊರೂ ಇರಲಿಲ್ಲ, ಒಂದು ಗಿಡವೂ ಇರಲಿಲ್ಲ. ಮೊದಲ ಬಹುಮಾನ ಅವನಿಗೇ ಕೊಟ್ಟೆ.

ಅದೇ ತರಗತಿಯ ಹುಡುಗಿಯೊಬ್ಬಳು ಪ್ರಬಂಧ ಬರೆಯುವ ಬದಲು ಒಂದು ನೋಟುಪುಸ್ತಕ ತಂದುಕೊಟ್ಟಿದ್ದಳು. ಊರ ಕೆರೆಯ ಏರಿಯನ್ನು ತೂಬಿನಿಂದ ಕೋಡಿಯವರೆಗೆ ನಡೆದು, ಪುಟಕ್ಕೆ ಮೂರು ಗೆರೆ ಎಳೆದು, ಏರಿಯ ಮೇಲೆ, ನೀರಿನ ಕಡೆ, ಗದ್ದೆಯ ಕಡೆ ಎಂದು ವಿಂಗಡಿಸಿ ಗಿಡಗಳ ಹೆಸರು ಬರೆದಿದ್ದಳು. ಎಕ್ಕ ಏರಿಯ ಮೇಲೆ ಉಂಟು, ನೀರಿನ ಕಡೆ ಇಲ್ಲ. ಒಂದೆಲಗ ಗದ್ದೆಯ ಕಡೆ ನೀರು ಒಸರುವಲ್ಲಿ ಉಂಟು, ಮೇಲೆ ಇಲ್ಲ. ತುಂಬೆ, ಉತ್ತರಾಣಿ, ನೆಲನೆಲ್ಲಿ, ಮುಟ್ಟಿದರೆ ಮುನಿ. ಹೆಸರು ಗೊತ್ತಿಲ್ಲದ್ದಕ್ಕೆ ಎಲೆಯನ್ನೇ ಅಂಟಿಸಿದ್ದಳು. ಮಳೆಗೆ ಮುಂಚೆ ಒಮ್ಮೆ, ಮಳೆ ಬಂದ ಮೇಲೆ ಒಮ್ಮೆ, ಎರಡು ಸಲ ನಡೆದದ್ದರ ತಾರೀಖೂ ಇತ್ತು. 'ಔಷಧ' ಎಂಬುದನ್ನು 'ಅವುಶದ' ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಹದಿನೇಳು ತಪ್ಪು ತಿದ್ದಿ, 'ಇದು ಪ್ರಬಂಧವಲ್ಲ, ಪಟ್ಟಿ' ಎಂದು ಷರಾ ಬರೆದೆ. 'ಇಲ್ಲ, ಇಲ್ಲ ಎಂದು ಬರೆದು ಪುಟ ತುಂಬಿಸಬಾರದು' ಎಂದೂ ಸೇರಿಸಿದ ನೆನಪು.

ಕೆಲವು ವರ್ಷಗಳ ಮೇಲೆ ಏರಿಯನ್ನು ಅಗಲಿಸಿ ರಸ್ತೆ ಮಾಡಿದರು. ನೀರಿನ ಕಡೆ ಕಲ್ಲು ಕಟ್ಟಿದರು. ಗದ್ದೆಯ ಕಡೆ ಒಸರು ನಿಂತಿತು. ರಸ್ತೆ ಬೇಕಾಗಿತ್ತು, ನಾನೂ ಅದರ ಮೇಲೆಯೇ ಓಡಾಡುತ್ತೇನೆ. ಎರಡು ವರ್ಷದ ಹಿಂದೆ ಮನೆಯವರು ಚಟ್ನಿಗೆ ಒಂದೆಲಗ ಬೇಕೆಂದರು. ಕೆರೆಯ ಕೆಳಗೆ ಇರುತ್ತಿತ್ತಲ್ಲ ಎಂದು ಚೀಲ ಹಿಡಿದು ಹೋದೆ. ತೂಬಿನಿಂದ ಕೋಡಿಯವರೆಗೆ ಹುಡುಕಿದರೂ ಒಂದೆಲೆ ಸಿಗಲಿಲ್ಲ. ದಾರಿಯಲ್ಲಿ ಸಿಕ್ಕ ರೈತರೊಬ್ಬರನ್ನು ಕೇಳಿದರೆ, "ಅದು ಇಲ್ಲಿ ಯಾವತ್ತೂ ಇರ್ಲಿಲ್ಲ ಬಿಡಿ ಸ್ವಾಮಿ" ಎಂದರು. ಇತ್ತು ಎಂದು ನನಗೆ ಗೊತ್ತು. ತೋರಿಸಲು ಸಾಕ್ಷಿಯಿಲ್ಲ. ಆಗ ಆ ನೋಟುಪುಸ್ತಕ ನೆನಪಾಯಿತು.

ಆ ಹುಡುಗಿ ಈಗ ಅದೇ ಊರಿನಲ್ಲಿ ಅಂಗನವಾಡಿಯ ಕೆಲಸದಲ್ಲಿದ್ದಾಳೆ, ಎರಡು ಮಕ್ಕಳ ತಾಯಿ. ಬಸ್ಸಿಗೆ ಕಾಯುತ್ತಿದ್ದಾಗ ಸಿಕ್ಕಳು. ಪುಸ್ತಕ ಇದೆಯೇನಮ್ಮ ಎಂದು ಕೇಳಿದೆ.

"ಅದು ನಿಮ್ಮ ಹತ್ರಾನೇ ಇತ್ತಲ್ಲ ಸಾರ್. ವಾಪಸ್ ಕೇಳ್ಬೇಕು ಅಂತಿದ್ದೆ, ಹೆದ್ರಿಕೆ ಆಯ್ತು" ಎಂದಳು.

ನನ್ನ ಹತ್ತಿರ ಇದ್ದದ್ದು ನಿಜ. ವರ್ಷದ ಕೊನೆಯಲ್ಲಿ ಹಳೆಯ ಉತ್ತರಪತ್ರಿಕೆಗಳ ಕಟ್ಟಿನ ಜೊತೆ ಅದೂ ರದ್ದಿಯವನ ತಕ್ಕಡಿಗೆ ಹೋಗಿರಬೇಕು. ವಾಟ್ಸನ್ ಕೂಡಿಸಿಟ್ಟ ಬ್ರಿಟಿಷ್ ಒಣಗಿಡಗಳ ಹಾಳೆಗಳನ್ನು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಜೋಪಾನವಾಗಿ ಕಾಪಾಡಿದ್ದಾರೆ. ನಮ್ಮ ಕೆರೆಯ ಏರಿಯ ಮೇಲೆ ಒಂದು ಕಾಲಕ್ಕೆ ಏನಿತ್ತೆಂಬುದಕ್ಕೆ ಇದ್ದ ಒಂದೇ ದಾಖಲೆಯನ್ನು ನಾನು ಕಿಲೋ ಲೆಕ್ಕದಲ್ಲಿ ಮಾರಿದೆ.

ಈ ವರ್ಷ ಶಾಲೆಯಲ್ಲಿ ನನ್ನ ಕೈಯಿಂದಲೇ ಒಂದು ಸಣ್ಣ ಬಹುಮಾನ ಇಟ್ಟಿದ್ದೇನೆ. ಚಿನ್ನದ್ದಲ್ಲ, ಒಂದು ಭೂತಗನ್ನಡಿ, ಒಂದು ಗಟ್ಟಿ ರಟ್ಟಿನ ಪುಸ್ತಕ. ನಿಯಮ ಇಷ್ಟೆ: ಊರಿನ ಯಾವುದಾದರೂ ಒಂದು ಜಾಗ ಆರಿಸಿಕೊಳ್ಳಬೇಕು, ಮೂರು ಸಲ ಹೋಗಿ ನೋಡಬೇಕು, ಜಾಗದ ಗುರುತನ್ನೂ ತಾರೀಖನ್ನೂ ಬರೆಯಬೇಕು. ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲವೆಂದು ಸೇರಿಸಿದಾಗ ಸಹೋದ್ಯೋಗಿಗಳು ನಕ್ಕರು. ಪಂಡಿತರಿಗೆ ವಯಸ್ಸಾಯಿತು ಎಂದರು. ಬರೆದ ಪುಸ್ತಕಗಳನ್ನು ಶಾಲೆಯ ಬೀರುವಿನಲ್ಲಿ ಇಡಬೇಕೆಂದು ಮುಖ್ಯೋಪಾಧ್ಯಾಯರಿಂದ ಒಪ್ಪಿಗೆಯನ್ನೂ ಪಡೆದಿದ್ದೇನೆ.

ನಿಯಮಗಳನ್ನು ಓದಿ ಹೇಳಿದ ದಿನ ಎಂಟನೆಯ ತರಗತಿಯ ಒಬ್ಬ ಹುಡುಗ ಕೊನೆಯ ಬೆಂಚಿನಿಂದ ಎದ್ದು ನಿಂತು ಕೇಳಿದ: "ಸಾರ್, ಇಲ್ಲದೇ ಇರೋ ಗಿಡಾನೂ ಬರೀಬೇಕಾ?"

ಬರಿ ಎಂದೆ.